ಎಡಗಡೆಯ ಕುದುರೆ

ಹೋದ ವಾರ ನನ್ನ ಹೆಂಡತಿ ಹೊಲಿಗೆ ಯಂತ್ರವನ್ನು ಜಗಲಿಗೆ ತಂದಿಟ್ಟುಕೊಂಡು ಎಣ್ಣೆ ಬಿಡುತ್ತಿದ್ದಳು. ಆ ತೆಳು ಎಣ್ಣೆಯ ವಾಸನೆ ಬಂದದ್ದೇ ತಡ, ಕುಡಿಯುತ್ತಿದ್ದ ಕಾಫಿಯ ಲೋಟ ಕೆಳಗಿಟ್ಟೆ. ಹೊಸಕೋಟೆಯ ಹಳೇ ಪೇಟೆಯ ಗಲ್ಲಿಯಲ್ಲಿ, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಒಂದು ಅಂಗಡಿಯ ತುಂಬ ಇದೇ ವಾಸನೆ ಇರುತ್ತಿತ್ತು. ಅಲ್ಲಿ ಕೂತಿರುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಹೊಲಿಗೆ ಯಂತ್ರ, ತಕ್ಕಡಿ, ಬೀಗ, ಏನು ತಂದರೂ ರಿಪೇರಿ ಮಾಡಿಕೊಡುತ್ತಿದ್ದರು. ಆದರೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದು ಬಂದೂಕು ರಿಪೇರಿಯ ಲೈಸೆನ್ಸ್ ಒಂದನ್ನೇ. ಬೆಳಿಗ್ಗೆ ಅಂಗಡಿ ತೆಗೆದವರು ಮೊದಲು ಆ ಗಾಜನ್ನು ಒರೆಸುತ್ತಿದ್ದರು.

ಅಪ್ಪ ತೀರಿಕೊಂಡ ಮರುವರ್ಷ ಮನೆಯ ಜೋಡಿ ನಳಿಗೆ ಬಂದೂಕು ನನ್ನ ಹೆಸರಿಗೆ ಬಂತು. ತಾತನ ಕಾಲದ್ದು. ಹಿಂಭಾಗದಲ್ಲಿ ನಳಿಗೆಗೊಂದರಂತೆ ಎರಡು ಸಣ್ಣ ಸುತ್ತಿಗೆಗಳು. ಅವಕ್ಕೆ ಕುದುರೆ ಅನ್ನುತ್ತಾರೆ. ಕುದುರೆಯನ್ನು ಹಿಂದಕ್ಕೆ ಎಳೆದರೆ ಒಳಗಿನ ಕೊಕ್ಕೆಯೊಂದು ಅದನ್ನು ಹಿಡಿದು ನಿಲ್ಲಿಸಬೇಕು. ಎಡಗಡೆಯ ಕೊಕ್ಕೆ ಸವೆದು ನುಣ್ಣಗಾಗಿತ್ತು. ಆಯುಧಪೂಜೆಯ ದಿನ ಆಕಾಶಕ್ಕೆ ಎರಡು ಸಲ ಹಾರಿಸುವುದು ನಮ್ಮ ಮನೆಯ ಪದ್ಧತಿ. ಅಪ್ಪ ಕೊನೆಕೊನೆಗೆ ಒಂದೇ ಹಾರಿಸಿ ಒಳಗಿಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ನನ್ನ ಮೊದಲ ವರ್ಷ ಎರಡೂ ಹಾರಬೇಕು, ಊರಿಗೆ ಕೇಳಬೇಕು ಎಂಬ ಹಟ ಮಾತ್ರ ಇತ್ತು.

ಮೇಸ್ತ್ರಿ ಬಂದೂಕನ್ನು ಬಿಚ್ಚಿ, ಆ ಕೊಕ್ಕೆಯನ್ನು ಉಗುರಿನಿಂದ ಸವರಿದರು. "ಇದಕ್ಕೆ ವಯಸ್ಸಾಯ್ತು ಕಣಪ್ಪ. ಬಲಗಡೇದು ಒಂದೇ ಸಾಕು ಅಂತ ಇಟ್ಕೊಂಡ್ರೆ ಒಳ್ಳೇದು," ಅಂದರು. ನಾನು ಒಪ್ಪಲಿಲ್ಲ. ಹದಿನೈದು ದಿನ ತೆಗೆದುಕೊಂಡು, ಉಕ್ಕಿನ ತುಂಡೊಂದನ್ನು ಅರದಿಂದ ಉಜ್ಜಿ ಹೊಸ ಕೊಕ್ಕೆ ಮಾಡಿ ಕೂರಿಸಿದರು. ಕುದುರೆ ಟಕ್ಕೆಂದು ನಿಂತಿತು. ನನಗೆ ಖುಷಿ. ಅವರು ಮಾತ್ರ ನಗಲಿಲ್ಲ... ಅಥವಾ ಈಗ ನೆನೆಸಿಕೊಂಡರೆ ನನಗೆ ಹಾಗೆ ಅನ್ನಿಸುತ್ತದೋ ಏನೋ.

ಹಬ್ಬಕ್ಕೆ ಎಂಟು ದಿನ ಇದ್ದಾಗ ಮೇಸ್ತ್ರಿ ನಮ್ಮ ಮನೆಗೇ ಬಂದುಬಿಟ್ಟರು. ಅನುಗೊಂಡನಹಳ್ಳಿಯಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಮ್ಮ ತೋಟದ ಮನೆಯವರೆಗೆ ನಡೆದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಅಮ್ಮ ಮಜ್ಜಿಗೆ ಕೊಟ್ಟಳು. ಅವರು ಲೋಟ ಹಿಡಿದುಕೊಂಡೇ ಹೇಳಿದರು:

"ಅದೇ ಉಕ್ಕಲ್ಲಿ ಇನ್ನೊಬ್ರ ಬಂದೂಕಿಗೆ ಕೊಕ್ಕೆ ಮಾಡ್ದೆ. ಎರಡೇಟಿಗೇ ಅದರ ತುದಿ ಚೂರಾಯ್ತು. ನಿಂದೂ ಹಂಗೇ ಆದ್ರೆ ಕುದುರೆ ತಾನಾಗೇ ಬಿದ್ದು ಗುಂಡು ಹಾರ್ತದೆ. ಇವತ್ತೇ ತಗೊಂಡು ನನ್ ಜೊತೆ ಬಾ. ಬೇರೆ ಹಾಕ್ಕೊಡ್ತೀನಿ."

"ಹಬ್ಬ ಮುಗೀಲಿ ಮೇಸ್ತ್ರಿ. ಮಾರನೇ ದಿನಾನೇ ತರ್ತೀನಿ."

"ಹಬ್ಬಕ್ಕೇ ಅಲ್ವೇನಪ್ಪ ನೀನು ಹಾರ್ಸೋದು?"

ನಾನು ಖಾಲಿ ಲೋಟ ಈಸಿಕೊಂಡೆ. ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಎಡಗಡೆಗೆ ತೋಟಾ ಮಾತ್ರ ಹಾಕ್ಬೇಡ. ಅಷ್ಟಾದ್ರೂ ನಡ್ಸು," ಅಂದರು. ಹೂಂ ಅಂದೆ.

ಹಬ್ಬದ ಬೆಳಿಗ್ಗೆ ಅಂಗಳದ ತುಂಬ ಜನ. ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಪೂಜೆ ಮುಗಿದು, ಬಂದೂಕಿಗೂ ಕುಂಕುಮ ಇಟ್ಟಿದ್ದಾಯಿತು. "ಏನು, ಈ ಸಲ ಎರಡೂನೋ, ನಿಮ್ಮಪ್ಪನ ಥರ ಒಂದೇನೋ?" ಎಂದು ಯಾರೋ ಕೂಗಿದರು. ಯಾರು ಎಂಬುದು ನೆನಪಿಲ್ಲ. ಎರಡಕ್ಕೂ ತೋಟಾ ಹಾಕಿದೆ. ಎರಡೂ ಕುದುರೆ ಹಿಂದಕ್ಕೆ ಎಳೆದು ನಿಲ್ಲಿಸಿದೆ. ಮೊದಲು ಬಲಗಡೆಯದನ್ನು ಹಾರಿಸಿದೆ, ಜನ ಕೇಕೆ ಹಾಕಿದರು. ಆ ಹೊಡೆತಕ್ಕೆ ಒಳಗೇನೋ ಚಟ್ ಎಂದದ್ದು ಕೈಗೆ ತಿಳಿಯಿತು. ಏನೆಂದು ನೋಡಲು ಬಂದೂಕು ಇಳಿಸಿದೆ. ಎಡಗಡೆಯ ಕುದುರೆ ತಾನಾಗಿ ಬಿತ್ತು.

ಪಕ್ಕದಲ್ಲಿ ನಿಂತಿದ್ದವನು ನನ್ನ ತಮ್ಮ. ಗುಂಡು ಅವನ ಮೊಣಕಾಲಿಗೆ ಬಡಿಯಿತು.

ಜೀವ ಉಳಿಯಿತು. ಕಾಲು ಮಡಿಸಲು ಬರದಂತಾಯಿತು. ವಿಚಾರಣೆಗೆ ನನ್ನನ್ನೂ ಮೇಸ್ತ್ರಿಯನ್ನೂ ಸ್ಟೇಷನ್ನಿಗೆ ಕರೆಸಿದರು. ಮುರಿದ ಕೊಕ್ಕೆ ಮೇಜಿನ ಮೇಲೆ ಕಾಗದದಲ್ಲಿತ್ತು, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು.

"ರಿಪೇರಿ ಸರಿಯಾಗಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ಸಬ್ ಇನ್‌ಸ್ಪೆಕ್ಟರು ನನ್ನನ್ನು ಕೇಳಿದರು.

"ಇಲ್ಲ ಸಾರ್," ಅಂದೆ.

ಮೇಸ್ತ್ರಿ ಒಂದು ಸಲ ನನ್ನ ಕಡೆ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಆ ಕೊಕ್ಕೆಯನ್ನೇ ನೋಡುತ್ತಾ, "ಕೆಲ್ಸ ನಂದೇ ಸಾರ್. ಹದ ತಪ್ತು," ಅಂದರು. ಅಷ್ಟೇ. ಅವರ ಲೈಸೆನ್ಸ್ ಹೋಯಿತು. ಕೈ ಕೆಟ್ಟ ಮೇಸ್ತ್ರಿ ಎಂದು ಜನ ಆಡಿಕೊಂಡರು. ಹೊಲಿಗೆ ಯಂತ್ರ ತರುವವರೂ ಬರುವುದು ಬಿಟ್ಟರಂತೆ. ನಾನು ಎರಡು ಮೂರು ಸಲ ಆ ಗಲ್ಲಿಯ ಮೂಲೆಯವರೆಗೆ ಹೋಗಿದ್ದೇನೆ. ಒಮ್ಮೆ ಅವರ ಬೆನ್ನೂ ಕಂಡಿತ್ತು... ವಾಪಸ್ ಬಂದೆ. ಆಮೇಲೊಂದು ದಿನ ಹೋದಾಗ ಅಲ್ಲಿ ಮೊಬೈಲ್ ಅಂಗಡಿ ಇತ್ತು. ಮೇಸ್ತ್ರಿ ತೀರಿಕೊಂಡು ವರ್ಷವಾಯಿತು ಎಂದು ಪಕ್ಕದ ಟೈಲರ್ ಹೇಳಿದ.

ಇದನ್ನೆಲ್ಲ ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಹೋದ ವಾರ, ಅವತ್ತೇ ಸಂಜೆ, ತಮ್ಮನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವನು ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಗೊತ್ತು ಕಣಣ್ಣ. ನಾನು ಆಸ್ಪತ್ರೇಲಿದ್ದಾಗ್ಲೇ ಅಮ್ಮ ಹೇಳಿದ್ಲು," ಅಂದ.

ಇನ್ನೊಂದು ಕಾಯಿ ಸುಲಿದು ಅವನೇ ಅಂದ: "ನನಗ್ಯಾಕ್ ಹೇಳ್ತೀಯ ಈಗ? ಹೇಳ್ಬೇಕಾಗಿದ್ದು ಮೇಸ್ತ್ರಿ ಮುಂದೆ. ಅವರು ಹೋದ್ರಲ್ಲ."