ಹೊಲ ಉಳಿಯಲೆಂದು ಗಂಡನ ಹೆಸರು ಹೇಳಿದೆ

ಎಪ್ಪತ್ತೊಂಬತ್ತನೆಯ ಇಸವಿ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಟ್ಟಿದ್ದರು. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋದ ನಮ್ಮ ಮನೆಯವರು ಬದುವಿನ ಮೇಲೆ ಬಿದ್ದಿದ್ದಾರೆಂದು ಯಾರೋ ಓಡಿ ಬಂದು ಹೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿದೆ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋಗಿದ್ದವು, ಮಾತು ನಿಂತಿತ್ತು. ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಕೇಳದೇ ಹೋಗಿದ್ದರೆ ಚಲೋ ಇತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ, ಪಾಪಿ ನಾನು.

ನಮ್ಮೂರು ನವಲಿ. ಗಂಗಾವತಿಯ ಡಾಕ್ಟರು ನೋಡಿ, ಇದು ಎಂಟು ದಿನದ ಮಾತಲ್ಲ, ವರ್ಷಗಟ್ಟಲೆ ಮಂಚದ ಮೇಲೆ ಇಟ್ಟು ನೋಡಬೇಕು ಎಂದರು. ಹೊರಜಿಲ್ಲೆಯ ಒಂದು ದೊಡ್ಡ ಸರ್ಕಾರಿ ದವಾಖಾನೆಯಲ್ಲಿ ಇಂಥವರಿಗೆ ಬೇರೆ ವಾರ್ಡು ಇದೆ, ಮಂಚ, ಔಷಧ, ಊಟ ಎಲ್ಲ ಪುಕ್ಕಟೆ ಎಂದೂ ಅವರೇ ಹೇಳಿದರು. ಆದರೆ ಅದು ಹೊಲ ಮನೆ ಇಲ್ಲದವರಿಗೆ, ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ. ನಮಗೆ ಎರಡು ಎಕರೆ ಗದ್ದೆ ಇತ್ತು. ಮೂರು ಹೆಣ್ಣುಮಕ್ಕಳಿದ್ದರು, ಚಿಕ್ಕವಳಿಗೆ ಇನ್ನೂ ನಾಲ್ಕು ವರ್ಷ.

ತವರೂರು ಅಳವಂಡಿಯಿಂದ ನಮ್ಮಣ್ಣ ಬಂದ. ಎಲ್ಲ ಕೇಳಿಕೊಂಡು ಹೇಳಿದ: "ಹೊಲ ಇದ್ರ ಮಂಚ ಸಿಗೂದಿಲ್ಲ ತಂಗಿ. ಮಾರಿದ್ರ ಹುಡುಗ್ಯಾರು ಏನ್ ತಿನ್ನಬೇಕು? ಸದ್ಯಕ್ಕ ನನ್ನ ಹೆಸರಿಗೆ ಮಾಡೂಣು. ನಿನ್ನ ಗಂಡ ಎದ್ದ ಮ್ಯಾಲ ಹೊಳ್ಳಿ ಕೊಡ್ತೀನಿ."

ಮಾರಿದಂತೆ ಕಾಗದ ಮಾಡಿದೆವು. ಮನೆಯವರ ಎಡಗೈ ಹೆಬ್ಬೆಟ್ಟು ಹಿಡಿದು ಒತ್ತಿಸಿದವಳು ನಾನೇ. ಹೊಲದ ವಿಷಯ ಅವರಿಗೆ ತಿಳಿಸಿ ಹೇಳಿದೆ, ಕಣ್ಣು ಮಿಟುಕಿಸಿ ಒಪ್ಪಿದರು. ಊರಿನ ಲೆಕ್ಕಿಗನನ್ನು ಹಿಡಿದು ಇನ್ನೊಂದು ಕಾಗದ ಮಾಡಿಸಿದೆವು. ಇವರಿಗೆ ಹೆಂಡತಿ ಮಕ್ಕಳಿಲ್ಲ, ದಿಕ್ಕಿಲ್ಲದ ಮನುಷ್ಯ ಎಂದು ಅದರಲ್ಲಿ ಬರೆದಿತ್ತು. ಅದನ್ನು ಮಾತ್ರ ಅವರಿಗೆ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಮಂಚ ಸಿಕ್ಕಿತು. ಹುಡುಗಿಯರನ್ನು ಅತ್ತಿಗೆಯ ಹತ್ತಿರ ಬಿಟ್ಟು ನಾನು ಬರೀ ಊರಾಕಿ, ಅವರ ಊರಿನ ಹೆಂಗಸು ಎಂದು ಹೇಳಿಕೊಂಡು ಅವರ ಜೊತೆ ಉಳಿದೆ. ಮೈ ಒರೆಸಿದೆ, ಎಣ್ಣೆ ತಿಕ್ಕಿದೆ, ಗಂಜಿ ಕುಡಿಸಿದೆ. ದಿನಾ ಸ್ವಲ್ಪ ಸ್ವಲ್ಪ ಗುಣ ಕಾಣುತ್ತಿತ್ತು. ಒಂದು ದಿನ ಬಲಗೈಯ ಬೆರಳು ಅಲುಗಿದವು. ಅಂದು ನಾನು ವಾರ್ಡಿನ ಮೂಲೆಗೆ ಹೋಗಿ ಅತ್ತು ಬಂದೆ.

ಎರಡನೇ ತಿಂಗಳು ವಾರ್ಡಿಗೆ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಹೊಲ ಇದ್ದವರೂ ಸುಳ್ಳು ಕಾಗದ ತಂದು ಮಲಗಿದ್ದಾರೆಂದು ದೂರು ಹೋಗಿತ್ತಂತೆ. ನಮಗಿಂತ ಮೊದಲಿನ ಮಂಚದವನನ್ನು ಆಗಲೇ ಎಬ್ಬಿಸಿ ಕಳಿಸಿದ್ದರು. ಸಾಹೇಬರು ಕಾಗದ ನೋಡಿದರು, ನನ್ನ ಕೊರಳ ತಾಳಿ ನೋಡಿದರು, ನೀವು ಇವನಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ, ಊರಾಕಿ ಎಂದೆ.

ಅವರೂ ನಮ್ಮ ಸೀಮೆಯವರೇ. ನಕ್ಕರು.

"ಊರಾಕಿ ಆದ್ರ ಇವನ ಹೆಸರ ಹೇಳವಾ, ನೋಡೂಣು."

ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ನಾಲ್ಕು ಜನ ಕಾಡಿದಾಗ ಒಡಪು ಕಟ್ಟಿ, ಪದ್ಯದೊಳಗೆ ಸೇರಿಸಿ ಹೇಳಿದರೆ ಅಷ್ಟೇ. ಆ ಹೆಸರಿನ ದೇವರ ಗುಡಿಗೆ ಹೋಗುವಾಗಲೂ ನಾನು 'ಮೇಲಿನ ಗುಡಿ' ಅನ್ನುತ್ತಿದ್ದೆ. ಸಾಹೇಬರಿಗೆ ಇದೆಲ್ಲ ಗೊತ್ತಿತ್ತು. ಬಾಯಿ ತಡವರಿಸಿದರೆ ಮಂಚವೂ ಹೋಯಿತು, ಹೊಲದ ಗುಟ್ಟೂ ಹೊರಬಿತ್ತು. ನಮ್ಮಣ್ಣನನ್ನೂ ಎಳೆಯುತ್ತಾರೆ. ಮನೆಯವರು ನನ್ನನ್ನೇ ನೋಡುತ್ತಿದ್ದರು.

ಹೇಳಿದೆ. ತಡವರಿಸದೆ ಹೇಳಿದೆ. ಅವರಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ ಹೇಳಿದೆ. ಅಷ್ಟಕ್ಕೇ ಸುಮ್ಮನಾಗಬಾರದಿತ್ತೇ ನನ್ನ ಹಾಳು ಬಾಯಿ?

"ಅವಗ ಹೆಂಡ್ತಿಲ್ಲ, ಮಕ್ಕಳಿಲ್ರಿ. ಯಾರೂ ಇಲ್ಲದಂವ. ಪಾಪ ಅಂತ ನೋಡಾಕತ್ತೀನಿ."

ಸಾಹೇಬರು ಕಾಗದದ ಮೇಲೆ ಸಹಿ ಹಾಕಿ ಮುಂದಿನ ಮಂಚಕ್ಕೆ ಹೋದರು. ನಾನು ತಿರುಗಿ ನೋಡಿದರೆ ನಮ್ಮ ಮನೆಯವರ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಒರೆಸಲು ಕೈ ಚಾಚಿದೆ. ಮುಖ ಆ ಕಡೆ ಹೊರಳಿಸಿದರು. ಸಾಹೇಬರು ಹೋದ ಮೇಲೆ ಕಿವಿಯ ಹತ್ತಿರ ಬಾಗಿ, ಸುಳ್ಳು ಹೇಳಿದೆ, ಹುಡುಗಿಯರಿಗಾಗಿ ಹೇಳಿದೆ, ತಪ್ಪಾಯಿತು ಎಂದು ಬೇಡಿಕೊಂಡೆ. ಕಣ್ಣು ತೆರೆಯಲಿಲ್ಲ. ಅಂದಿನಿಂದ ನನ್ನ ಕೈಯ ಗಂಜಿಗೆ ಬಾಯಿ ಬಿಡಲಿಲ್ಲ. ನರ್ಸು ಕುಡಿಸಿದರೆ ಎರಡು ಚಮಚ ಕುಡಿಯುತ್ತಿದ್ದರು. ಅಲುಗುತ್ತಿದ್ದ ಬೆರಳು ಮತ್ತೆ ನಿಂತವು. ಇಪ್ಪತ್ತು ದಿನವೂ ಆಗಿರಲಿಲ್ಲ, ಒಂದು ಮಧ್ಯಾಹ್ನ ಹೋಗಿಬಿಟ್ಟರು.

ನಾನು ಅಳುವಂತಿರಲಿಲ್ಲ. ಊರಾಕಿ ಎಷ್ಟು ಅಳಬಹುದೋ ಅಷ್ಟೇ ಅತ್ತೆ. ಕಚೇರಿಯ ಗುಮಾಸ್ತ ದೊಡ್ಡ ಪುಸ್ತಕ ತೆರೆದು ನನ್ನನ್ನು ಕೂರಿಸಿದ. ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಏನೋ ತಿಳಿದಿರಬೇಕು, ಮೆಲ್ಲಗೆ ಕೇಳಿದ: "ಖರೇ ಹೇಳವಾ, ನೀ ಏನಾಗಬೇಕು ಅವರಿಗೆ?"

ಹೇಳಿಬಿಡಲೇ ಎಂದು ಮಾತು ಬಾಯಿವರೆಗೆ ಬಂತು. ಸತ್ತವರ ಮಂಚವನ್ನು ಯಾರು ಕಸಿಯುತ್ತಾರೆ? ಆದರೆ ಕಣ್ಣ ಮುಂದೆ ಮೂರು ಹುಡುಗಿಯರು ನಿಂತರು. ಕೇಸು, ವಿಚಾರಣೆ, ಹೊಲ ಜಪ್ತಿ, ಏನೇನೋ ಹೆದರಿಕೆ. ಏನೂ ಆಗಬೇಕಿಲ್ಲ ಎಂದೆ. ಅವನು ಪುಸ್ತಕದಲ್ಲಿ ಬರೆದು ಅದನ್ನು ನನ್ನ ಕಡೆ ತಿರುಗಿಸಿದ.

ನಮ್ಮಣ್ಣ ಮಾತಿಗೆ ತಪ್ಪಲಿಲ್ಲ, ವರ್ಷದೊಳಗೆ ಹೊಲವನ್ನು ನನ್ನ ಹೆಸರಿಗೆ ಮಾಡಿಕೊಟ್ಟ. ಅದೇ ಗದ್ದೆಯಿಂದ ಹುಡುಗಿಯರು ಬೆಳೆದರು, ಓದಿದರು, ಗಂಡನ ಮನೆಗೆ ಹೋದರು. ಭಾಳ ಜಾಣಿ, ಗಂಡ ಹೋದರೂ ಹೊಲ ಬಿಡಲಿಲ್ಲ ಎಂದು ಊರವರು ಈಗಲೂ ಹೊಗಳುತ್ತಾರೆ. ಆ ದವಾಖಾನೆಯ ಪುಸ್ತಕ ಎಲ್ಲಿಯಾದರೂ ಇದ್ದರೆ ಅದರಲ್ಲಿ ನಮ್ಮ ಮನೆಯವರ ಹೆಸರಿನ ಮುಂದೆ 'ವಾರಸುದಾರರು ಇಲ್ಲ' ಎಂದು ಇರುತ್ತದೆ, ಅದರ ಕೆಳಗೆ ನನ್ನ ಸಹಿ ಇರುತ್ತದೆ.