ಅಧ್ಯಕ್ಷರು ಎಸೆದ ಮೊದಲ ಚೆಂಡು

ಶುಕ್ರವಾರ ಬೆಳಿಗ್ಗೆ ಮಾತ್ರ ಅವರ ಕೈಗಳ ನಿಜವಾದ ಬಣ್ಣ ಕಾಣುತ್ತಿತ್ತು. ವಾರವಿಡೀ ಗ್ರೀಸ್ ಮೆತ್ತಿದ ಬಿಡಿಭಾಗಗಳ ನಡುವೆ ತಡಕಾಡುವ ಕೈ. ರಜೆಯ ದಿನ ಸೋಪಿನ ಪುಡಿ, ನಿಂಬೆ ಸಿಪ್ಪೆ ಹಾಕಿ ಅರ್ಧ ಗಂಟೆ ಉಜ್ಜಿ, ಉಗುರಿನ ಸಂದಿಗಳನ್ನು ಹಳೆಯ ಬ್ರಷ್‌ನಿಂದ ತಿಕ್ಕಿ, ಕೊನೆಗೆ ಪೌಡರ್ ಹಚ್ಚಿಕೊಳ್ಳುತ್ತಿದ್ದರು. ಮದುಮಗನ ಕೈಗೂ ಇಷ್ಟು ಉಪಚಾರ ಇರಲಾರದು. ಆಮೇಲೆ ನನ್ನ ಬಾಗಿಲು ತಟ್ಟುವರು: "ಬನ್ನಿ ಮಾರಾಯ್ರೆ, ಚಾ ಆಯ್ತು. ಕವರ್ ಬಂದಿದೆ."

ಎಂಬತ್ತರ ದಶಕದ ಕೊನೆ. ಒಮಾನಿನ ಸಹಮ್ ಊರಿನ ಗ್ಯಾರೇಜೊಂದರಲ್ಲಿ ಅವರು ಸ್ಟೋರ್‌ಕೀಪರ್, ನಾನು ಗುಮಾಸ್ತ. ವಾಸ ಪಕ್ಕಪಕ್ಕದ ಕೋಣೆಗಳಲ್ಲಿ. ಅವರು ಉಡುಪಿ ಕಡೆಯವರು, ನಾನು ಮೈಸೂರಿನವನು. ತಾಯಿ ತೀರಿದ ಮೇಲೆ ಅವರಿಗೆ ಊರಿನಿಂದ ಪತ್ರ ಬರುವುದು ನಿಂತೇಹೋಗಿತ್ತು. ಬರುತ್ತಿದ್ದುದು ಅಮೆರಿಕದಿಂದ. ಹಿಂದೆ ನಮ್ಮಲ್ಲಿ ಕಾರು ರಿಪೇರಿಗೆ ಬಿಡುತ್ತಿದ್ದ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳಿದ ಮೇಲೂ ಬೇಸ್‌ಬಾಲ್ ಕಾರ್ಡುಗಳನ್ನು, ಅಂದರೆ ಅಲ್ಲಿನವರು ಕೂಡಿಡುವ ಆ ಆಟದ ಚಿತ್ರಗಳನ್ನು, ಕಳಿಸುತ್ತಿದ್ದ; ಇವರು ಬದಲಿಗೆ ಒಮಾನಿನ ಅಂಚೆಚೀಟಿ ಕಳಿಸುತ್ತಿದ್ದರು. ಇವರಿಗೆ ಬೇಕಾದದ್ದು ಆಟಗಾರರ ಕಾರ್ಡಲ್ಲ, ಅಧ್ಯಕ್ಷರದ್ದು. ಕೋಟು ತೊಟ್ಟ ಅಮೆರಿಕದ ಅಧ್ಯಕ್ಷರು ಅಲ್ಲಿನ ವಾಡಿಕೆಯಂತೆ ಗ್ಯಾಲರಿಯಲ್ಲಿ ಎದ್ದು ನಿಂತು ಪಂದ್ಯದ ಮೊದಲ ಚೆಂಡು ಎಸೆಯುವ ಚಿತ್ರಗಳು.

ಆ ಆಟವನ್ನು ನಾವಿಬ್ಬರೂ ಕಂಡವರಲ್ಲ. ಕಾರ್ಡಿನ ಹಿಂಬದಿಯ ಇಂಗ್ಲಿಷನ್ನು ನಾನು ಗಟ್ಟಿಯಾಗಿ ಓದಿ ಕೊಟ್ಟ ಮೇಲೆ ಅವರು ಅಂಚು ಹಿಡಿದು ಚಿತ್ರ ನೋಡುತ್ತಾ ಕೂರುವರು.

"ಆಟ ಗೊತ್ತಿಲ್ಲ, ಈ ಅಧ್ಯಕ್ಷರು ಯಾರು ಅಂತ್ಲೂ ಗೊತ್ತಿಲ್ಲ. ಇದೇನ್ ಸಾರ್ ನಿಮ್ಮ ಹುಚ್ಚು?" ಎಂದು ಒಮ್ಮೆ ಛೇಡಿಸಿದೆ.

"ಅವರನ್ನು ಯಾರು ನೋಡ್ತಾರೆ? ಹಿಂದೆ ಕೂತವರನ್ನು ನೋಡಿ ಮಾರಾಯ್ರೆ. ಒಬ್ಬ ಒಂದು ಚೆಂಡು ಬಿಸಾಡ್ಲಿಕ್ಕೆ ಎಷ್ಟು ಜನ ಜೊತೆಗೆ ಉಂಟು!"

ನಾನು ನಕ್ಕೆ. ನನಗೆ ಆಗ ಇಪ್ಪತ್ತೈದು; ಇನ್ನೊಬ್ಬರ ಒಂಟಿತನ ತಮಾಷೆಯಾಗಿ ಕಾಣುವ ವಯಸ್ಸು.

ಬೇರೆ ಕೆಲಸ ಸಿಕ್ಕಿ ಅಲ್ ಮವಾಲೇಹ್‌ಗೆ ಹೊರಟಾಗ, "ತಿಂಗಳಿಗೊಂದು ಶುಕ್ರವಾರ ಬಂದೇ ಬರ್ತೀನಿ ಸಾರ್" ಎಂದಿದ್ದೆ. ಕಾರಿನಲ್ಲಿ ಎರಡು ತಾಸಿನ ದಾರಿ. ಹೋದದ್ದು ಒಂದೂವರೆ ವರ್ಷದ ನಂತರ, ಆ ಕಡೆ ಹೊರಟ ಗೆಳೆಯನೊಬ್ಬನ ಕಾರು ಹತ್ತಿ. ಅವರ ಮೇಜಿನ ಮೇಲೆ ಏಳು ಲಕೋಟೆಗಳಿದ್ದವು. ಒಂದನ್ನೂ ಬಿಡಿಸಿರಲಿಲ್ಲ.

"ಒಬ್ಬನೇ ಬಿಡಿಸಿದ್ರೆ ಅದ್ರಲ್ಲಿ ಎಂತ ಗಮ್ಮತ್ತು ಉಂಟು? ನೀವು ಬರ್ತೇನೆ ಅಂದಿದ್ರಲ್ಲ."

ನಾನು ಮೇಲಿನ ಲಕೋಟೆಯನ್ನು ಕೈಗೆತ್ತಿಕೊಂಡೆ. ಮೂರು ಬಿಡಿಸುವಷ್ಟರಲ್ಲಿ ಹೊರಗೆ ಗೆಳೆಯನ ಹಾರ್ನ್ ಕೇಳಿಸಿತು. ಅವರೇ ಉಳಿದ ನಾಲ್ಕಕ್ಕೆ ರಬ್ಬರ್ ಬ್ಯಾಂಡ್ ಹಾಕಿದರು. "ಖಲಾಸ್, ಹೊರಡಿ. ಇದು ಬರುವ ಶುಕ್ರವಾರಕ್ಕೆ."

ಆ ಶುಕ್ರವಾರ ನಾನು ಹೋಗಲಿಲ್ಲ. ಎರಡು ದಿನ ಕಳೆದು ಗ್ಯಾರೇಜಿನಿಂದ ಫೋನ್ ಬಂತು. ಅವರಿಗೆ ಎದೆನೋವು ಬಂದಿತ್ತು, ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ಶುಕ್ರವಾರ ಮಧ್ಯಾಹ್ನದವರೆಗೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರೆಂದು ಮೆಕ್ಯಾನಿಕ್ ಹೇಳಿದ. ಲಕೋಟೆಗಳನ್ನು ಬಟ್ಟೆಬರೆಯ ಜೊತೆ ಕಟ್ಟಿ ಊರಿಗೆ ಕಳಿಸಿದರಂತೆ. ಅವನ್ನು ಯಾರು ಬಿಡಿಸಿದರೋ, ಬಿಡಿಸಿದರೋ ಇಲ್ಲವೋ.

ಆ ಶುಕ್ರವಾರ ಕೆಲಸವಿತ್ತು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕೆಲಸವಿರಲಿಲ್ಲ. ಬಟ್ಟೆ ಒಗೆದು, ಊಟ ಮಾಡಿ, ಮಲಗಿದ್ದೆ.