ಪಾಲಿಶ್ ಅಕ್ಕನ ಕಾರಿನ ಮುಚ್ಚಳ

ಇಡೀ ಬೀದಿಗೆ ಆಕೆ ಪಾಲಿಶ್ ಅಕ್ಕ. ನಲವತ್ತು ವರ್ಷ ಊರವರ ಮೇಜು, ಮಂಚ, ಬಾಗಿಲುಗಳನ್ನು ಉಜ್ಜಿ ಹೊಳೆಸಿದವಳು. ಸ್ವಂತ ಮನೆಯ ಬಾಗಿಲು ಮಾತ್ರ ಇಂದಿಗೂ ಬಣ್ಣ ಕಂಡಿಲ್ಲ. ಪಾಲಿಶ್‌ಗೆ ಬೆರೆಸುವ ಥಿನ್ನರಿನ ಘಾಟಿಗೆ ಅವಳ ಮೂಗು ಎಂದೋ ಕೈಕೊಟ್ಟಿತ್ತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದ ಮನೆಯ ನಾನೇ ಕೂಗಿ ಹೇಳಬೇಕು.

ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿ, ಓದಿಸಿ, ಮೇಷ್ಟ್ರನ್ನಾಗಿ ಮಾಡಿದ್ದು ಅವಳೇ. ಈಗ ಅವನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ತನ್ನ ಹಳೆಯ ಪುಟ್ಟ ಕಾರಿನಲ್ಲಿ ಕರೆದೊಯ್ದು ಕರೆತರುತ್ತಿದ್ದಳು. ಎರಡು ತಿಂಗಳಿಂದ ಅವನಿಗೆ ದಾರಿಯುದ್ದಕ್ಕೂ ವಾಂತಿ. ಕಾಯಿಲೆಯೇ ಹಾಗೆ ಎಂದುಕೊಂಡಳು. ಒಂದು ಸೋಮವಾರ ಡಯಾಲಿಸಿಸ್ ಮುಗಿಸಿ ಬಂದು ಕಾರಿನಿಂದ ಇಳಿದವನು ಮನೆಯ ಗೇಟು ಹಿಡಿದು ನಿಂತ.

"ಅಕ್ಕಾ, ಇನ್ನು ನಾನು ಬರಲ್ಲ. ಸಾಕಾಗಿದೆ."

"ಬರದೇ ಇದ್ರೆ ಏನಾಗುತ್ತೆ ಅಂತ ಗೊತ್ತಲ್ವೇನೋ?"

"ಗೊತ್ತು."

ಮಂಗಳವಾರವಿಡೀ ಬೈದಳು, ಗೋಗರೆದಳು. ಜಪ್ಪಯ್ಯ ಅಂದರೂ ಅವನು ಒಪ್ಪಲಿಲ್ಲ.

ಅವಳ ಹಟವೂ ಕಡಿಮೆಯದಲ್ಲ. ಬುಧವಾರ ಮತ್ತೆ ಡಯಾಲಿಸಿಸ್ ದಿನ; ಬೆಳಿಗ್ಗೆ ಎಂದಿನಂತೆ ಪೆಟ್ರೋಲ್ ಬಂಕಿಗೆ ಹೋದಳು. ಕೀ ತೆಗೆದುಕೊಳ್ಳಲು ಕಿಟಕಿಯೊಳಗೆ ಬಗ್ಗಿದ ಬಂಕಿನ ಹೆಂಗಸು ಮುಖ ಸಿಂಡರಿಸಿ ಹಿಂದೆ ಸರಿದಳು. ಆಮೇಲೆ ಟ್ಯಾಂಕಿನ ಮುಚ್ಚಳ ಬಿಚ್ಚಿ ತೋರಿಸಿದಳು.

"ರಬ್ಬರ್ ಪೂರ್ತಿ ಬಿರುಕು ಬಿಟ್ಟಿದೆ ನೋಡಿ. ಕಾರೊಳಗೆಲ್ಲ ಪೆಟ್ರೋಲ್ ನಾತ. ಅದ್ಹೇಗೆ ಕೂತ್ಕೊಳ್ತೀರಿ?"

ಪಾಲಿಶ್ ಅಕ್ಕನಿಗೆ ತಮ್ಮನ ವಾಂತಿ ನೆನಪಾಯಿತು.

ನೇರ ಮೆಕ್ಯಾನಿಕ್ ಬಳಿಗೆ ಓಡಿದಳು. ಹಳೇ ಮಾಡೆಲ್ಲು; ಅವನು ಹುಡುಕಿ ಕೊಟ್ಟ ಮೊದಲ ಮುಚ್ಚಳ ಕೂತರೂ ಬಿಗಿಯಾಗಲಿಲ್ಲ. ಎರಡನೆಯದು ಟಕ್ ಟಕ್ ಎಂದು ಕಚ್ಚಿಕೊಂಡಿತು. ಅಷ್ಟಕ್ಕೇ ನಂಬುವವಳಲ್ಲ. ಬಾಗಿಲುಗಳನ್ನೆಲ್ಲ ಅರ್ಧ ಗಂಟೆ ತೆರೆದಿಟ್ಟು, ಆಮೇಲೆ ಮೆಕ್ಯಾನಿಕ್ಕನ್ನು ಒಳಗೆ ಕೂರಿಸಿ, ಗಾಜು ಏರಿಸಿ, ಒಂದು ಸುತ್ತು ಹೊಡೆದಳು.

"ಚೆನ್ನಾಗಿ ಮೂಸಿ ಹೇಳಪ್ಪಾ. ನನ್ನ ಮೂಗು ಬರೀ ಲೆಕ್ಕಕ್ಕಿದೆ."

"ಏನೂ ವಾಸನೆ ಇಲ್ಲ ಅಕ್ಕಾ."

ಮನೆಗೆ ಬಂದವಳೇ ಜಗಲಿಯಲ್ಲಿ ಕೂತಿದ್ದ ತಮ್ಮನ ಕೈಗೆ ಹಳೆಯ ಮುಚ್ಚಳ ತುರುಕಿದಳು. ಕಾಂಪೌಂಡಿನ ಈಚೆ ನಾನಿದ್ದೆ, ಎಲ್ಲ ಕೇಳಿಸುತ್ತಿತ್ತು.

"ನಿನ್ನ ಹೊಟ್ಟೆ ತೊಳೆಸಿದ್ದು ಇದರ ನಾತ ಕಣೋ! ಒಂದು ಮಾತು ಹೇಳೋಕೆ ಏನಾಗಿತ್ತು?"

ಅವನು ಮುಚ್ಚಳ ಮೂಸಿದ.

"ನಿನ್ನ ಬಟ್ಟೆಯ ಥಿನ್ನರ್ ವಾಸನೆ ಅಂದ್ಕೊಂಡಿದ್ದೆ ಅಕ್ಕಾ. ಅದನ್ನ ಮೈಗೆಲ್ಲ ಮೆತ್ಕೊಂಡೇ ನನ್ನ ಓದಿಸಿದೀಯ. ಈಗ ಅದು ತಡೆಯೋಕಾಗ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ಅದಕ್ಕೆ ಸಾಯೋಕೆ ಹೊರಟಿದ್ಯಾ?"

ಇಂಥ ಸಂಕೋಚಕ್ಕಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು ನನಗೆ, ಕಣ್ಣೂ ತುಂಬಿತು.

ನಲವತ್ತೈದರ ತಮ್ಮನ ಕೆನ್ನೆಗೆ ಪಾಲಿಶ್ ಅಕ್ಕ ಛಟೀರೆಂದು ಬಾರಿಸಿದಳು. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಅತ್ತಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಕಾರಿನಲ್ಲಿ ಕೂತ.